ನಕಾಶೆಯ ಚೀಟಿಗಳು: ಕೆಲಸ ಎಲ್ಲಿಗೆ ಬಂತು

ಊರಿನ ವಾಚನಾಲಯದ ಗೋಡೆಗೆ ಕಾಸರಗೋಡಿನ ದೊಡ್ಡ ನಕಾಶೆ ಬರೆಯುತ್ತಿದ್ದೇವೆ. ಬಣ್ಣ ಗೆಳೆಯನದ್ದು, ಪಕ್ಕದಲ್ಲಿ ಅಂಟಿಸುವ ಚೀಟಿಗಳ ಬರಹ ನನ್ನದು. ಒಂದೊಂದು ಚೀಟಿ ಅಂಗೈ ಅಗಲ ಅಷ್ಟೇ. ಮಲಯಾಳ ಮಾಧ್ಯಮದಲ್ಲಿ ಕಲಿಯುತ್ತಾ, ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವ ಮಕ್ಕಳಿಗೂ ನಿಂತಲ್ಲೇ ಅರ್ಥವಾಗಬೇಕು.

ಬೇಕಲದ್ದು ಮುಗಿಯಿತು. ಮಾಹಿತಿ ಸಿಕ್ಕಿದ ಹಳೆಯ ಸ್ಮರಣ ಸಂಚಿಕೆಯಲ್ಲಿ "ಶಿವಪ್ಪ ನಾಯಕನಿಂದ ನಿರ್ಮಿಸಲ್ಪಟ್ಟ, ನಂತರ ಹೈದರಾಲಿಯ ವಶವಾದ, ಕಡಲಿಗೆ ಚಾಚಿದ" ಅಂತ ಸಾಲು ಓಡುತ್ತಲೇ ಇತ್ತು, ಕೋಟೆ ಬರುವಷ್ಟರಲ್ಲಿ ಓದುವವನಿಗೆ ಉಸಿರು ಕಟ್ಟುತ್ತದೆ. ಈಗ ಹೀಗಿದೆ: "ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಬೇಕಲ ಕೋಟೆ ಕಟ್ಟಿಸಿದ. 1763ರಲ್ಲಿ ಅದು ಹೈದರಾಲಿಯ ಕೈ ಸೇರಿತು." ಯಾರು, ಏನು ಮಾಡಿದರು. ಸಾಕು.

ನಿಜವಾಗಿ ತಲೆ ತಿಂದದ್ದು ಗಡಿಯ ಚೀಟಿ. "ಕೇರಳಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು" ಎಂಬ ಸಾಲು ನೋಡಿ. ಕೇರಳಕ್ಕೆ ಸೇರಿದ್ದು ತಾಲೂಕೋ, ಇಡೀ ಜಿಲ್ಲೆಯೋ? ನಮಗೆ ಗೊತ್ತಿರುವುದರಿಂದ ತಪ್ಪು ಕಾಣುವುದಿಲ್ಲ. ಹೊರಗಿನವರು ಓದಿದರೆ ಮಂಗಳೂರೂ ಹೋಯಿತು ಅಂದುಕೊಂಡಾರು ಮಾರಾಯ್ರೇ! ಕನ್ನಡದಲ್ಲಿ ಹೆಸರಿನ ಮುಂದೆ "ಸೇರಿದ", "ಬಂದ", "ಆದ" ಎಂದು ಪೇರಿಸುವುದು ಸುಲಭ. ಆದರೆ ನಡುವೆ ಇನ್ನೊಂದು ಹೆಸರು ನುಸುಳಿದರೆ ಆ ಮಾತು ಯಾರಿಗೆ ಅಂಟುತ್ತದೆ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಒಡೆದೆ: "ಕಾಸರಗೋಡು ತಾಲೂಕು ಮೊದಲು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು."

ಮಂಜೇಶ್ವರದ ಗೋವಿಂದ ಪೈಗಳದ್ದು ಬೇಗ ಆಯಿತು. ಒಂದೇ ಬದಲಾವಣೆ. "1949ರಲ್ಲಿ ರಾಷ್ಟ್ರಕವಿ ಗೌರವ ದೊರೆಯಿತು" ಎಂಬುದನ್ನು "ಮದ್ರಾಸ್ ಸರ್ಕಾರ ಕೊಟ್ಟಿತು" ಎಂದು ಮಾಡಿದೆ. ಕೊಟ್ಟವರ ಹೆಸರು ಬಂದ ಕೂಡಲೇ ಆಗ ನಾವು ಯಾವ ರಾಜ್ಯದಲ್ಲಿದ್ದೆವು ಅನ್ನುವುದೂ ಪುಕ್ಕಟೆಯಾಗಿ ಸಿಕ್ಕಿತು ಅಲ್ವಾ?

ಎಲ್ಲವನ್ನೂ ತುಂಡು ಮಾಡಿದರೂ ಸರಿಯಾಗುವುದಿಲ್ಲ. ಮಹಾಜನ ಆಯೋಗದ (ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದು) ಚೀಟಿ ಅದಕ್ಕೇ ನಿಂತಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಬೇಕು ಎಂದು 1967ರಲ್ಲಿ ಆಯೋಗ ಶಿಫಾರಸು ಮಾಡಿತು, ಆದರೆ ಅದು ಜಾರಿಯಾಗಲಿಲ್ಲ. ಆ "ಆದರೆ"ಯ ಮುಂಚೆ ಪೂರ್ಣವಿರಾಮ ಹಾಕಿ ನೋಡಿದೆ, ಅವಸರದಲ್ಲಿ ಓದುವವರು ಮೊದಲ ವಾಕ್ಯಕ್ಕೇ ನಿಲ್ಲಿಸಿಬಿಡುತ್ತಾರೆ. ಇದು ಒಂದೇ ಸಾಲಾಗಿ ಇರಲಿ. ಗೆಳೆಯ ಮಾತ್ರ ಚೀಟಿ ದೊಡ್ಡದು ಮಾಡಲು ಒಪ್ಪುತ್ತಿಲ್ಲ.