ಬಿಸಿ ಐಡಲ್‌ನಲ್ಲಿ ಬೀಳುತ್ತಿದ್ದ ಆಯಿಲ್ ಪ್ರೆಶರ್, ಮತ್ತು ನಾನು 15ಡಬ್ಲ್ಯು-40ರಲ್ಲೇ ಉಳಿದದ್ದು

ಗೇಜಿನ ಮುಳ್ಳು ಕೊನೆಗೂ ಮೇಲೆದ್ದಿದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡಲ್‌ನಲ್ಲಿ 18 ಪಿಎಸ್‌ಐ, 3,000 ಆರ್‌ಪಿಎಂನಲ್ಲಿ 45. ಇದೇ ಎಂಜಿನ್ ಮೊನ್ನೆ ಮೊನ್ನೆಯವರೆಗೆ ಬಿಸಿ ಐಡಲ್‌ನಲ್ಲಿ 7ಕ್ಕೆ ಕುಸಿದು, ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಕೆಂಪು ದೀಪ ಮಿಣುಕಿಸುತ್ತಿತ್ತು. ಬೇರಿಂಗ್ ಬದಲಿಸಿಲ್ಲ, ಆಯಿಲ್ ಪಂಪ್ ಬದಲಿಸಿಲ್ಲ, ಹೆಚ್ಚಾದ ಪ್ರೆಶರ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ಸ್ಪ್ರಿಂಗಿನ ಕೆಳಗೆ ವಾಷರ್ ತುರುಕಿಲ್ಲ. ಈಗ ಒಳಗಿರುವುದೂ ಮೊದಲಿದ್ದ ಗ್ರೇಡೇ, 15ಡಬ್ಲ್ಯು-40 (ಗ್ರೇಡ್ ಎಂದರೆ ಆಯಿಲ್ ಎಷ್ಟು ಮಂದ ಎಂಬುದರ ಅಂಕಿ, ಎರಡನೆಯದು ಬಿಸಿಯಲ್ಲಿನದು). ಹೆಡ್ ಕೆಲಸ, ಟ್ಯಾಪೆಟ್ ಸೆಟ್ಟಿಂಗ್, ಕಾರ್ಕ್ ಗ್ಯಾಸ್ಕೆಟ್ಟಿನ ಕಥೆಗಳನ್ನೆಲ್ಲ ಈ ಸಲ ಬಿಟ್ಟುಬಿಡುತ್ತೇನೆ. ಈ ಒಂದು ಸಮಸ್ಯೆ ಅಷ್ಟು ಜೀವ ತಿಂದಿದೆ.

ಗಾಡಿಯ ಹಿನ್ನೆಲೆ ಇಷ್ಟೇ: 1970ರ ದಶಕದ ನಾಲ್ಕು ಸಿಲಿಂಡರ್ ಪುಶ್‌ರಾಡ್ ಎಂಜಿನ್, ಕಾರ್ಬ್ಯುರೇಟರ್, ಕ್ಯಾಮ್‌ಶಾಫ್ಟ್‌ನಿಂದ ಓಡುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್. ಪ್ರೆಶರ್ ಅಳೆದು ಕಳಿಸುವ ಎಲೆಕ್ಟ್ರಿಕ್ ಸೆಂಡರ್ ಮೇಲೆ ನಂಬಿಕೆ ಇಲ್ಲದ್ದರಿಂದ ಟೀ (ಕವಲು ಜೋಡಣೆ) ಹಾಕಿ ಮೆಕ್ಯಾನಿಕಲ್ ಗೇಜ್ ಕೂರಿಸಿದ್ದೆ. ಅದೂ 7 ಎಂದೇ ಹೇಳಿತು.

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: "ಹಳೇ ಎಂಜಿನ್ ಅಲ್ವಾ, 20ಡಬ್ಲ್ಯು-50 ಹಾಕಿ, ಸರಿಹೋಗುತ್ತೆ." ಈ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಬೇರಿಂಗ್ ಸವೆದಷ್ಟೂ ಸಂದು ಅಗಲವಾಗುತ್ತದೆ, ಆಯಿಲ್ ಸಲೀಸಾಗಿ ಜಾರಿಹೋಗುತ್ತದೆ, ಪ್ರೆಶರ್ ಬೀಳುತ್ತದೆ. ಆಯಿಲ್ ಮಂದವಾದರೆ ಆ ಜಾರುವಿಕೆ ಕಡಿಮೆ. ಆದರೆ ಇದನ್ನು ಲೆಕ್ಕಕ್ಕೆ ಇಳಿಸಿ ನೋಡಿ. ಸಂದಿನಿಂದ ಸೋರುವ ಆಯಿಲ್ ಸಂದಿನ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. 0.05 ಮಿ.ಮೀ. ಇದ್ದದ್ದು 0.07 ಆದರೆ ಸೋರಿಕೆ ಸುಮಾರು ಎರಡೂಮುಕ್ಕಾಲು ಪಟ್ಟು. ಅದನ್ನು ಆಯಿಲ್‌ನಿಂದಲೇ ಸರಿದೂಗಿಸಬೇಕಾದರೆ ಆಯಿಲ್ ಕೂಡ ಅಷ್ಟೇ ಪಟ್ಟು ಮಂದವಾಗಬೇಕು. ಸಾಮಾನ್ಯ 15ಡಬ್ಲ್ಯು-40 100 ಡಿಗ್ರಿಯಲ್ಲಿ 14.5 ಸೆಂಟಿಸ್ಟೋಕ್ (ಮಂದತನದ ಅಳತೆ) ಆಸುಪಾಸು ಇದ್ದರೆ, 20ಡಬ್ಲ್ಯು-50 18ರ ಆಸುಪಾಸು. ಸಿಗುವ ಲಾಭ ಕಾಲು ಭಾಗ, ಅಷ್ಟೇ. ಬೇರಿಂಗ್ ನಿಜವಾಗಿ ಸವೆದಿದ್ದರೆ ಯಾವ ಗ್ರೇಡೂ ಅದನ್ನು ಕಾಪಾಡುವುದಿಲ್ಲ. ಸವೆಯದೇ ಇದ್ದರೆ ಪ್ರೆಶರ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬೇರೇನೋ ಕಾರಣ ಇರಲೇಬೇಕು. ಎಂಜಿನ್ ಜೋಡಿಸುವಾಗ ಪ್ಲಾಸ್ಟಿಗೇಜ್ (ಸಂದು ಅಳೆಯುವ ಪ್ಲಾಸ್ಟಿಕ್ ಎಳೆ) ಇಟ್ಟು ಅಳೆದಿದ್ದೆ, ಎಲ್ಲ ಮೇನ್ ಬೇರಿಂಗುಗಳೂ 0.05ರ ಸುತ್ತ ಇದ್ದವು. ಹಾಗಾಗಿ ನನ್ನ ಗುಮಾನಿ ಆಗಲೇ ಬೇರೆ ಕಡೆ ತಿರುಗಿತ್ತು.

ಇಲ್ಲಿ ಡಬ್ಬದ ಮೇಲಿನ ಅಂಕಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಜಿನ್ ಆಯಿಲ್ ಗ್ರೇಡುಗಳ ಮಾನದಂಡವಾದ ಎಸ್‌ಎಇ ಜೆ300 ಪ್ರಕಾರ 40 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5ರಿಂದ 16.3 ಸೆಂಟಿಸ್ಟೋಕ್‌ವರೆಗೆ, 50 ಎಂದರೆ 16.3ರಿಂದ 21.9ರವರೆಗೆ. ಅಂದರೆ 12.6 ಇರುವುದೂ 40, 16.2 ಇರುವುದೂ 40. ಡೇಟಾಶೀಟ್ ನೋಡದೆ ಬರೀ ಗ್ರೇಡ್ ಹಿಡಿದು ಹೋಲಿಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಅಂಕಿ ಡಬ್ಬದ ಮೇಲೆ ಬರುವುದೇ ಇಲ್ಲ, ಬೇರಿಂಗಿಗೆ ನಿಜವಾಗಿ ಬೇಕಾದದ್ದು ಅದೇ: ಎಚ್‌ಟಿಎಚ್‌ಎಸ್. 150 ಡಿಗ್ರಿಯಲ್ಲಿ, ಬೇರಿಂಗಿನೊಳಗೆ ಆಗುವಂಥ ಉಜ್ಜಾಟದಲ್ಲಿ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬ ಅಳತೆ. 20ಡಬ್ಲ್ಯು-50ಕ್ಕೆ ಅಲ್ಲಿ ಕನಿಷ್ಠ 3.7 ಮಿಲಿಪಾಸ್ಕಲ್-ಸೆಕೆಂಡ್ ಇರಬೇಕು. 15ಡಬ್ಲ್ಯು-40ಕ್ಕೂ ಕನಿಷ್ಠ 3.7! ಎರಡಕ್ಕೂ ಒಂದೇ ತಳಮಟ್ಟ. 10ಡಬ್ಲ್ಯು-40ಕ್ಕೆ ಮಾತ್ರ 3.5 ಸಾಕು. ಆದ್ದರಿಂದ ಹಳೇ ಎಂಜಿನ್ನಿಗೆ "ಎಲ್ಲ 40ಗಳೂ ಒಂದೇ" ಎನ್ನುವವರ ಜೊತೆ ನಾನು ಜಗಳಕ್ಕೆ ಸಿದ್ಧ.

ಮಾರುವವರಿಂದ ಈ ಅಂಕಿ ಹೊರಡಿಸುವುದಿದೆಯಲ್ಲ, ಅದು ಬೇರೆಯೇ ಗೋಳು. "ಕ್ಲಾಸಿಕ್ ಕಾರುಗಳಿಗಾಗಿ" ಅಂತ ಡಬ್ಬದ ಮೇಲೆ ಹಳೇ ಕಾರಿನ ಚಿತ್ರ ಹಾಕಿ ದುಬಾರಿಗೆ ಮಾರುವ ಒಬ್ಬರಿಗೆ ಎಚ್‌ಟಿಎಚ್‌ಎಸ್ ಎಷ್ಟು, ಸವೆತ ತಡೆಯಲು ಬೆರೆಸುವ ಜಿಂಕ್ ಎಷ್ಟು ಎಂದು ಬರೆದು ಕೇಳಿದೆ. "ನಮ್ಮದು ಪ್ರೀಮಿಯಂ ಕ್ವಾಲಿಟಿ" ಎಂಬ ಉತ್ತರ ಬಂತು. ಮತ್ತೆ ಕೇಳಿದ್ದಕ್ಕೆ ಡಬ್ಬದ ಫೋಟೊ ಕಳಿಸಿದರು. ಡೀಸೆಲ್ ಲಾರಿಗಳಿಗೆ ಹಾಕುವ ಸಾದಾ 15ಡಬ್ಲ್ಯು-40 ಮಾರುವವರು ಕೇಳಿದ ಕೂಡಲೇ ಪೂರ್ತಿ ಡೇಟಾಶೀಟ್ ಕೊಟ್ಟರು.

ಲೆಕ್ಕ ಏನೇ ಹೇಳಲಿ, ಪರೀಕ್ಷೆ ಮಾಡದೆ ಬಿಡಬಾರದೆಂದು ಒಂದು ಫಿಲ್ 20ಡಬ್ಲ್ಯು-50 ಹಾಕಿದೆ. ಬಿಸಿ ಐಡಲ್ 22ಕ್ಕೆ ಏರಿತು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಹೇಳಿದ್ದು ನಿಜವೆಂದೇ ತೋರುತ್ತಿತ್ತು. ಕೆಲವೇ ವಾರಗಳಲ್ಲಿ ಅದು 12ಕ್ಕೆ ಬಂತು. ಬಿಸಿಯಲ್ಲೂ ಮಂದವಾಗಿರಲೆಂದು ಬೆರೆಸಿದ ಪಾಲಿಮರ್ ಕತ್ತರಿಸಿಹೋಗಿ ಇಂಥ ಎರಡಂಕಿಯ (ಮಲ್ಟಿಗ್ರೇಡ್) ಆಯಿಲ್ ತೆಳುವಾಗುವುದು ನಿಜ. 1959ರಲ್ಲಿ ಬಂದ ಮಿನಿಯಂಥ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್ ಆದ್ದರಿಂದ ಗೇರ್ ಹಲ್ಲುಗಳು ಅದನ್ನು ಬೇಗ ಜಜ್ಜಿಹಾಕುತ್ತವೆ. ನನ್ನದರಲ್ಲಿ ಗೇರ್‌ಬಾಕ್ಸ್ ಬೇರೆ. ಇಷ್ಟು ಬೇಗ, ಇಷ್ಟೊಂದು ಇಳಿಯಲು ಸಾಧ್ಯವೇ ಇಲ್ಲ.

ಆಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತಲೇ ಇರಲಿಲ್ಲ, ಒಂದು ಕೂದಲೆಳೆಯಷ್ಟು ಏರಿಯೇ ಇತ್ತು. ಈ ವಯಸ್ಸಿನ ಎಂಜಿನ್ ಆಯಿಲ್ ಕುಡಿಯದಿದ್ದರೆ ಸಂತೋಷಪಡುವ ಬದಲು ಅನುಮಾನಪಡಬೇಕು. ಎರಡು, ಹೈವೇಯಲ್ಲಿ ದೂರ ಓಡಿಸಿ ಬಂದ ದಿನ ಪ್ರೆಶರ್ ಕೊಂಚ ಸುಧಾರಿಸುತ್ತಿತ್ತು. ಬಿಸಿಯಾದಷ್ಟೂ ಬೀಳಬೇಕಾದದ್ದು ಸುಧಾರಿಸುವುದೆಂದರೆ, ಆಯಿಲ್‌ನಿಂದ ಏನೋ ಆವಿಯಾಗಿ ಹೋಗುತ್ತಿದೆ ಎಂದೇ ಅರ್ಥ.

ಪೆಟ್ರೋಲ್ ಇರಬಹುದೆಂದು ಮೂಗು ಹೇಳಿತು, ಆದರೆ ನನಗೆ ಅಂಕಿ ಬೇಕಿತ್ತು. 50 ಎಂಎಲ್ ಸಿರಿಂಜಿನ ಪಿಸ್ಟನ್ ಕಿತ್ತು, ಸೂಜಿ ಇಲ್ಲದೆ ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿದೆ. ಎಂಜಿನ್ ತಳದ ಸಂಪಿನಿಂದ ಇಳಿಸಿದ ಆಯಿಲ್, ಅದೇ ಡಬ್ಬದ ಹೊಸ ಆಯಿಲ್, ಹೊಸ 15ಡಬ್ಲ್ಯು-40, ಮೂರನ್ನೂ ಸಣ್ಣ ಬಾಟಲಿಗಳಲ್ಲಿ 40 ಡಿಗ್ರಿಯ ನೀರಿನಲ್ಲಿ ಸಾಕಷ್ಟು ಹೊತ್ತು ಮುಳುಗಿಸಿಟ್ಟೆ. ಸಿರಿಂಜನ್ನೂ ಅದೇ ನೀರಿನಲ್ಲಿ ಬೆಚ್ಚಗೆ ಮಾಡಿಕೊಂಡೆ. ಪೆಟ್ರೋಲ್ ಬೆರೆತಿರುವ ಅನುಮಾನ ಇರುವ ಆಯಿಲನ್ನು ಒಲೆಯ ಮೇಲಿಟ್ಟು ಕಾಯಿಸಬೇಡಿ, ಬಿಸಿನೀರು ಸಾಕು. ಬೆರಳಿನಿಂದ ತುದಿ ಮುಚ್ಚಿ ತುಂಬಿಸಿ, ಬೆರಳು ತೆಗೆದು, 40ರ ಗೆರೆಯಿಂದ 20ರ ಗೆರೆಗೆ ಇಳಿಯುವ ಸಮಯ ಹಿಡಿದೆ. ಹೊಸ 20ಡಬ್ಲ್ಯು-50ರ ಎಳೆ ಕಡ್ಡಿಯಂತೆ ನೆಟ್ಟಗೆ, ನಿಧಾನವಾಗಿ ಇಳಿದು 84 ಸೆಕೆಂಡ್ ತೆಗೆದುಕೊಂಡಿತು. ಹೊಸ 15ಡಬ್ಲ್ಯು-40ಕ್ಕೆ 58. ಸಂಪಿನ ಆಯಿಲ್ ಎಳೆ ನಡುಗುತ್ತಾ 47ಕ್ಕೇ ಮುಗಿಸಿತು. ಒಳಗಿದ್ದ "50" ಆಗಲೇ ಹೊಸ 40ಕ್ಕಿಂತ ತೆಳುವಾಗಿತ್ತು. 84ಕ್ಕೆ 47, 22 ಪಿಎಸ್‌ಐಗೆ 12: ಎರಡೂ ಹೆಚ್ಚುಕಡಿಮೆ ಒಂದೇ ಅನುಪಾತ. ಕಳೆದುಹೋದ ಪ್ರೆಶರ್ ಪೂರ್ತಿ ಆಯಿಲ್‌ನ ಲೆಕ್ಕಕ್ಕೇ ಸೇರಿತು, ಬೇರಿಂಗು ಮತ್ತು ಪಂಪು ಆರೋಪಮುಕ್ತ. ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಾಗ ಆದ ಖುಷಿ ಈ ಪ್ರಾಜೆಕ್ಟಿನಲ್ಲಿ ಇನ್ನೆಲ್ಲೂ ಆಗಿಲ್ಲ.

ಪೆಟ್ರೋಲ್ ಪಂಪ್ ಬಿಚ್ಚಿದರೆ ಪೆಟ್ರೋಲ್ ಎಳೆಯುವ ರಬ್ಬರ್ ಪೊರೆಯ, ಅಂದರೆ ಡಯಾಫ್ರಾಮಿನ, ನಡುವಿನ ತಟ್ಟೆಯ ಅಂಚಿನಲ್ಲಿ, ಮಡಿಕೆ ಬೀಳುವ ಜಾಗದಲ್ಲೇ, ಉಗುರಿನಷ್ಟು ಉದ್ದದ ಬಿರುಕು. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಡಯಾಫ್ರಾಮ್ ಹರಿದರೆ ಗೊತ್ತಾಗಲೆಂದೇ ಪಂಪಿನ ಕೆಳಮೈಯಲ್ಲಿ ಒಂದು ಸಣ್ಣ ತೂತಿದೆ, ಪೆಟ್ರೋಲ್ ಅಲ್ಲಿಂದ ಹೊರಗೆ ತೊಟ್ಟಿಕ್ಕಬೇಕು. ನನ್ನ ಪಂಪಿನಲ್ಲಿ ದಶಕಗಳ ಗ್ರೀಸು, ಧೂಳು ಸೇರಿ ಅದು ಬಿರಡೆ ಹಾಕಿದಷ್ಟು ಭದ್ರವಾಗಿ ಮುಚ್ಚಿತ್ತು. ಪೆಟ್ರೋಲಿಗೆ ಉಳಿದ ದಾರಿ ಒಂದೇ: ಕಡ್ಡಿಯ ಸೀಲ್ ದಾಟಿ ನೇರ ಕ್ರ್ಯಾಂಕ್‌ಕೇಸಿಗೆ. ಪಂಪ್ ಬಿಚ್ಚುವ ಮೊದಲು ಆ ತೂತಿಗೆ ಒಂದು ತಂತಿ ಹಾಕಿ ನೋಡಿ, ನಿಮ್ಮದೂ ಮುಚ್ಚಿರಬಹುದು.

ರಿಪೇರಿ ಕಿಟ್ ಎಂದು "ಎಲ್ಲ ಮಾಡೆಲ್‌ಗೂ ಹೊಂದುತ್ತದೆ" ಎಂಬ ಭರವಸೆಯೊಂದಿಗೆ ಬಂದದ್ದರ ತೂತುಗಳು ನನ್ನ ಪಂಪಿಗೆ ಕೂರಲಿಲ್ಲ. ರಬ್ಬರ್ ಯಾವುದೆಂದು ಪ್ಯಾಕೆಟ್ಟಿನ ಮೇಲೆ ಒಂದಕ್ಷರವೂ ಇಲ್ಲ. ವಾಪಸ್ ಕಳಿಸಿ, ಎಥನಾಲ್ ತಡೆಯುತ್ತದೆ ಎಂದು ಬರೆದುಕೊಟ್ಟವರ ಬಳಿ ಬೇರೆ ತರಿಸಿಕೊಂಡೆ.

ಹೊಸ ಡಯಾಫ್ರಾಮ್, ತೆರೆದ ತೂತು, ಹೊಸ ಫಿಲ್ಟರ್, 15ಡಬ್ಲ್ಯು-40. ಮೇಲೆ ಹೇಳಿದ 18 ಮತ್ತು 45 ಬಂದದ್ದು ಹೀಗೆ, ವಾರಗಳು ಕಳೆದರೂ ಮುಳ್ಳು ಅಲ್ಲೇ ಇದೆ. 20ಡಬ್ಲ್ಯು-50ರಲ್ಲಿ 22 ಬರುತ್ತದೆ, ನಿಜ, ಆದರೆ ಆ ಹೆಚ್ಚಿನ ನಾಲ್ಕು ನನಗೆ ಬೇಡ. ಬೆಳಗ್ಗೆ ತಣ್ಣಗಿನ ಎಂಜಿನ್ ಎಬ್ಬಿಸಿದಾಗ ಮಂದ ಆಯಿಲ್‌ಗೆ ರಿಲೀಫ್ ವಾಲ್ವ್ ಬೇಗ ತೆರೆದು, ಪಂಪ್ ಎತ್ತಿದ್ದರಲ್ಲಿ ಒಂದು ಪಾಲು ಸಂಪಿಗೇ ಮರಳುತ್ತದೆ. ಗೇಜ್ ಜೋರಾಗಿ ತೋರಿಸುತ್ತದೆ, ಎಂಜಿನ್ ಮೇಲ್ತುದಿಯಲ್ಲಿ ವಾಲ್ವ್ ಒತ್ತುವ ರಾಕರ್‌ಗಳ ಶಾಫ್ಟ್ ಮಾತ್ರ ಒಣಗಿಯೇ ಇರುತ್ತದೆ. ಕವರ್ ತೆಗೆದು ನೋಡಿದ್ದೇನೆ: 15ಡಬ್ಲ್ಯು-40ರಲ್ಲಿ ಕೊನೆಯ ರಾಕರ್‌ವರೆಗೆ ಆಯಿಲ್ ಬೇಗ ತಲುಪುತ್ತದೆ. ಇನ್ನು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡೇ ತಿರುಗುವಂಥದ್ದು) ಇರುವವರು ಜಿಂಕ್ ವಿಚಾರ ಮರೆಯಬೇಡಿ, ಆಯಿಲ್‌ನಲ್ಲಿ ಅದು ರಂಜಕದ ಜೊತೆಗೂಡಿಯೇ ಬರುತ್ತದೆ. ಎಪಿಐ ಎಸ್‌ಎನ್ ಎಂಬ ಗುಣಮಟ್ಟದ ದರ್ಜೆಯಲ್ಲಿ ರಂಜಕ ಶೇ 0.08 ಮೀರಬಾರದೆಂಬ ಮಿತಿ ಇರುವುದು 5ಡಬ್ಲ್ಯು-30, 10ಡಬ್ಲ್ಯು-30ಯಂಥ ತೆಳು ಗ್ರೇಡುಗಳಿಗೆ. 15ಡಬ್ಲ್ಯು-40ಕ್ಕೂ 20ಡಬ್ಲ್ಯು-50ಕ್ಕೂ ಆ ಮಿತಿ ಇಲ್ಲ. ಹಾಗೆಂದು ಜಿಂಕ್ ಹೆಚ್ಚು ಇದ್ದೇ ಇರುತ್ತದೆ ಎಂದೂ ಅಲ್ಲ, ಅದನ್ನೂ ಡೇಟಾಶೀಟಿನಲ್ಲೇ ನೋಡಬೇಕು.

ಈಗ ಕೈ ಗೇರ್‌ಬಾಕ್ಸಿನತ್ತ ಎಳೆಯುತ್ತಿದೆ. ಎರಡನೇ ಗೇರಿಗೆ ಹಾಕುವಾಗ ಕರ್ರ್ ಎನ್ನುತ್ತದೆ. ಹಿಂದಿನ ಮಾಲೀಕರು ಅದಕ್ಕೂ ಮಂದ ಆಯಿಲ್ ಸುರಿದಿರುವ ಗುಮಾನಿ ಇದೆ. ಗೇರ್ ಆಯಿಲ್‌ನ ಅಂಕಿಗಳದ್ದು ಬೇರೆಯೇ ಅಳತೆಗೋಲು, 90 ಎಂದು ಹೆದರಬೇಡಿ, ಅದು ಮಂದದಲ್ಲಿ ಎಂಜಿನ್ ಆಯಿಲ್‌ನ 40-50ರ ಸುಮಾರಿಗೇ ಬರುತ್ತದೆ. ನನ್ನ ಭಯ ಇರುವುದು ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆಯ ಬಗ್ಗೆ: ಅದರ ಗಂಧಕ-ರಂಜಕದ ಅಡಿಟಿವ್ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಳ್ಳೆಯದಲ್ಲ, ಇಲ್ಲಿ ಜಿಎಲ್-4 ಬೇಕು. ಈ ಭಾನುವಾರ ಡ್ರೇನ್ ಪ್ಲಗ್ ಬಿಚ್ಚುತ್ತೇನೆ. ಸಿರಿಂಜ್ ಇನ್ನೂ ಸ್ಟ್ಯಾಂಡಿನಲ್ಲೇ ಇದೆ, ಮೊದಲು ಅದರಲ್ಲಿ ಅಳೆಯುವುದು, ರಿಂಗುಗಳ ಮಾತು ಆಮೇಲೆ. ಇದೇ ಗೇರ್‌ಬಾಕ್ಸಿಗೆ ಸರಿಯಾದ ಅಳತೆಯ ಸಿಂಕ್ರೊ ರಿಂಗ್ ಮಾಡಿಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.