ಪ್ಲೇಸ್ಟೇಷನ್ 2ರಲ್ಲಿ ಮನ್ನಣೆ ಸಿಗದ ಆಟ ಯಾವುದು?

ಹಳೆಯ ವಿಡಿಯೊ ಗೇಮ್‌ಗಳ ಹುಚ್ಚು ನನಗಿದೆ ಎಂದು ತಿಳಿದವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಪ್ಲೇಸ್ಟೇಷನ್ 2ರ ಕಾಲದಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲದೆ ಹೋದ ಆಟ ಯಾವುದು? 2000ದಲ್ಲಿ ಬಿಡುಗಡೆಯಾಗಿ 15 ಕೋಟಿಗೂ ಹೆಚ್ಚು ಮಾರಾಟವಾದ ಆ ಯಂತ್ರಕ್ಕೆ ಸಾವಿರಾರು ಆಟಗಳು ಬಂದಿದ್ದರೂ, ಉತ್ತರಕ್ಕಾಗಿ ನಾನು ತಡಕಾಡುವುದಿಲ್ಲ. ‘ಗಾಡ್ ಹ್ಯಾಂಡ್’.

ಕ್ಯಾಪ್‌ಕಾಮ್ ಸಂಸ್ಥೆಯ ಕ್ಲೋವರ್ ಸ್ಟುಡಿಯೊ ರೂಪಿಸಿದ, ‘ರೆಸಿಡೆಂಟ್ ಈವಿಲ್ 4’ರ ನಿರ್ದೇಶಕ ಶಿಂಜಿ ಮಿಕಾಮಿಯೇ ನಿರ್ದೇಶಿಸಿದ ಈ ಹೊಡೆದಾಟದ ಆಟ ತೆರೆಕಂಡದ್ದು 2006ರಲ್ಲಿ, ಅಂದರೆ ಎಲ್ಲರ ಕಣ್ಣೂ ಪ್ಲೇಸ್ಟೇಷನ್ 3ರತ್ತ ನೆಟ್ಟಿದ್ದಾಗ. ಗೇಮ್‌ಗಳನ್ನು ವಿಮರ್ಶಿಸುವ ಜಾಲತಾಣ ಐಜಿಎನ್ ಇದಕ್ಕೆ ಕೊಟ್ಟ ಅಂಕ ಹತ್ತಕ್ಕೆ ಮೂರು. ಮರುವರ್ಷ ಕ್ಲೋವರ್ ಸ್ಟುಡಿಯೊವೇ ಮುಚ್ಚಿಹೋಯಿತು.

ಆ ಮೂರು ಅಂಕ ಸಂಪೂರ್ಣ ಅನ್ಯಾಯವೆಂದು ನಾನು ವಾದಿಸುವುದಿಲ್ಲ. ದೃಶ್ಯಗಳು ಬಡಕಲು, ಹಾಸ್ಯ ಒರಟು, ಕ್ಯಾಮೆರಾ ನಾಯಕ ಜೀನ್‌ನ ಬೆನ್ನಿಗೇ ಅಂಟಿಕೊಂಡಿರುವುದರಿಂದ ಹಿಂದಿನಿಂದ ಬರುವವನು ಕಾಣುವುದೇ ಇಲ್ಲ. ಆದರೆ ಕೈಗೆ ಕಂಟ್ರೋಲರ್ ಬಂದ ಮೇಲೆ ನಡೆಯುವುದು ಬೇರೆಯೇ. ಬಹುತೇಕ ಆಟಗಳಲ್ಲಿ ಕ್ಯಾಮೆರಾ ತಿರುಗಿಸುವ ಬಲಗಡೆಯ ಸ್ಟಿಕ್ ಇಲ್ಲಿ ಏಟು ತಪ್ಪಿಸಿಕೊಳ್ಳುವುದಕ್ಕೆ ಮೀಸಲು: ಮೇಲಕ್ಕೆ ಒತ್ತಿದರೆ ಜೀನ್ ನಿಂತಲ್ಲೇ ತಲೆ ತಗ್ಗಿಸುತ್ತಾನೆ, ಪಕ್ಕಕ್ಕೆ ಒತ್ತಿದರೆ ಸರಿಯುತ್ತಾನೆ, ಕೆಳಕ್ಕೆ ಒತ್ತಿದರೆ ಹಿಮ್ಮುಖವಾಗಿ ಲಾಗ ಹಾಕುತ್ತಾನೆ. ಏಟನ್ನು ತಡೆಯುವ ಬಟನ್ ಇಲ್ಲವೇ ಇಲ್ಲ. ಒಂದರ ಹಿಂದೊಂದು ಬೀಳುವ ಗುದ್ದುಗಳಿಗೆ ಒಂದು ಹೆಜ್ಜೆಯನ್ನೂ ಕದಲದೆ ತಲೆಯನ್ನಷ್ಟೇ ಓಲಾಡಿಸಿ, ಐದನೆಯದಕ್ಕೆ ತಿರುಗಿ ಬಾರಿಸಿದಾಗ ಸಿಗುವ ಖುಷಿಯನ್ನು ಆ ಕಾಲದ ಬೇರಾವ ಹೊಡೆದಾಟದ ಆಟವೂ ನನಗೆ ಕೊಟ್ಟಿಲ್ಲ.

ಇದರ ನಿಜವಾದ ಜಾಣತನವಿರುವುದು ಪರದೆಯ ಮೂಲೆಯ ಪುಟ್ಟ ಮಾಪಕದಲ್ಲಿ. ನೀವು ಚೆನ್ನಾಗಿ ಆಡಿದಷ್ಟೂ ಅದು ಒಂದು, ಎರಡು, ಮೂರು ಎಂದು ಏರಿ, ಕೊನೆಗೆ ‘ಡೈ’ ಎಂಬ ಮಟ್ಟ ಮುಟ್ಟುತ್ತದೆ. ಅದರೊಂದಿಗೆ ಎದುರಾಳಿಗಳೂ ಉಗ್ರರಾಗುತ್ತಾರೆ, ಬಹುಮಾನವೂ ಹೆಚ್ಚುತ್ತದೆ. ಪೆಟ್ಟು ತಿಂದರೆ ಇಳಿಯುತ್ತದೆ. ಸಾಲದ್ದಕ್ಕೆ, ಎದುರಾಳಿಗಳಿಗೆ ಅಡ್ಡಬಿದ್ದು ಬೇಡಿಕೊಂಡು ಮಟ್ಟ ಇಳಿಸಿಕೊಳ್ಳುವ ಒಂದು ಪಟ್ಟೂ ಇದೆ. ನಾಚಿಕೆ ಬಿಟ್ಟು ನಾನೂ ಅದನ್ನು ಬಳಸಿದ್ದೇನೆ.

ಇಂಥ ಆಟ ಕೈಗೂಡಲು ಹತ್ತು ಗಂಟೆಯಾದರೂ ಬೇಕು. ನಾನು ಪ್ಲೇಸ್ಟೇಷನ್ 2 ಮೊದಲು ಮುಟ್ಟಿದ್ದು ಬೆಂಗಳೂರಿನ ಒಂದು ಗೇಮಿಂಗ್ ಪಾರ್ಲರಿನಲ್ಲಿ; ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರಿಗೆ ಬೇಕಾಗಿದ್ದುದು ಇಬ್ಬರು ಜೊತೆಯಾಗಿ ಆಡುವ ಕುಸ್ತಿ, ಫುಟ್‌ಬಾಲ್, ಕಾರ್ ರೇಸ್. ಮೊದಲ ಗಂಟೆಯಿಡೀ ಸೋಲಿಸುವ, ಒಬ್ಬರೇ ಆಡಬೇಕಾದ ಆಟಕ್ಕೆ ಅಲ್ಲಿ ದುಡ್ಡು ಹಾಕುವವರು ಯಾರು?

ಈಗ ಆಡಿ ನೋಡುವ ಮನಸ್ಸಿದ್ದವರು ಆರಂಭದಲ್ಲಿ ‘ಈಜಿ’ (ಸುಲಭ) ಆಯ್ಕೆಯನ್ನು ಆರಿಸಿಕೊಳ್ಳಬೇಡಿ. ಅಲ್ಲಿ ಆ ಮಾಪಕ ಎರಡನೆಯ ಮಟ್ಟವನ್ನು ದಾಟುವುದಿಲ್ಲ.