ಬಂಗುಡೆ ತಲೆ ಮತ್ತು ನಮ್ಮ ಸರ್

ಉಡುಪಿಯಲ್ಲಿ ನಾನು ಬಿಎಸ್ಸಿ ಓದಿದ್ದು 1996ರಿಂದ 1999ರವರೆಗೆ. ಪ್ರಾಣಿಶಾಸ್ತ್ರದ ಸರ್ ಹೋದ ತಿಂಗಳು ತೀರಿಕೊಂಡರು. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ಅವರ ಪಾಠ ಅಲ್ಲ, ಬಂಗುಡೆ.

1997ರಲ್ಲಿ ಒಂದು ದಿನ ಮೀನಿನ ಮಿದುಳು ತೋರಿಸಲಿಕ್ಕೆಂದು ಸರ್ ಮಲ್ಪೆಯಿಂದ ಒಂದು ಡಜನ್ ತಾಜಾ ಬಂಗುಡೆ ತರಿಸಿದ್ದರು. ಮೀನು ಬಂದದ್ದು ಬೆಳಿಗ್ಗೆ, ಪ್ರಾಕ್ಟಿಕಲ್ ಮಧ್ಯಾಹ್ನ. ನಡುವೆ ನಾವು ನಾಲ್ವರು ಅದನ್ನು ರೂಮಿಗೆ ಸಾಗಿಸಿ ಸೀಮೆಎಣ್ಣೆ ಸ್ಟವ್ ಮೇಲೆ ಹುರಿದು ಮುಗಿಸಿದೆವು. ತಲೆಗಳನ್ನು ಮಾತ್ರ ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟೆವು. ಸರ್ ಬಂದರು, ಟ್ರೇ ನೋಡಿದರು, ನಮ್ಮ ಕೈ ಮೂಸಿದರು. "ನನಗೆ ಬೇಕಾದ್ದನ್ನು ಉಳಿಸಿದ್ದೀರಿ ಮಾರಾಯ, ಹಾಗಾಗಿ ಬಚಾವ್" ಎಂದರು.

ಆಮೇಲೆ ಎರಡು ಗಂಟೆ ಆ ತಲೆಗಳ ಕತೆ. 1928ರಲ್ಲಿ ಎರ್ನ್ಸ್ಟ್ ಶಾರರ್ ಎಂಬವರು ಒಂದು ಪುಟ್ಟ ಮೀನಿನ ಮಿದುಳಿನಲ್ಲಿ ಗ್ರಂಥಿಯ ಹಾಗೆ ರಸ ಸುರಿಸುವ ನರಕೋಶ ಕಂಡರಂತೆ. ನರಕೋಶ ಹಾರ್ಮೋನ್ ಮಾಡುವುದುಂಟಾ ಎಂದು ಜನ ನಂಬಲಿಲ್ಲ. ಹೆಂಡತಿ ಬರ್ಟಾ ಜಿರಳೆಯಲ್ಲೂ ಅದನ್ನೇ ತೋರಿಸಿದರು. ಸರ್ ಹೇಳಿದ್ದು: "ನರಕೋಶದೊಳಗಿನ ಹಾರ್ಮೋನಿನ ಚೀಲಗಳು ಮಲ್ಪೆ ದಕ್ಕೆಗೆ ಬಂದ ಬೋಟುಗಳ ಹಾಗೆ. ಪ್ರೋಟೀನುಗಳು ಹಗ್ಗ ಬಿಗಿಯುತ್ತವೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ ಮೇಲೆಯೇ ಮಾಲು ಇಳಿಯುವುದು." ಈ ಚೀಲಗಳ ಸಾಗಾಟದ ಗುಟ್ಟು ಬಿಡಿಸಿದ ಮೂವರಿಗೆ 2013ರಲ್ಲಿ ನೊಬೆಲ್ ಬಂತು. ಆವತ್ತು ಸಂಜೆ ನಾನು ಸರ್‌ಗೆ ಫೋನ್ ಮಾಡಿದ್ದೆ. ನಮ್ಮ ಬ್ಯಾಚಿನಲ್ಲಿ ಬೇರೆ ಯಾರೂ ಮಾಡಲಿಲ್ಲವಂತೆ, ಸುಮ್ನೆ ಹೇಳಿದೆ.

ಪರೀಕ್ಷೆಗೆ ಓದಿದ್ದು ಒಂದಕ್ಷರ ನೆನಪಿಲ್ಲ. ಈಗ ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದು ಕಡಿಮೆ, ಒಳ್ಳೆಯದೇ. ಆದರೆ ನನ್ನ ಮಗಳು ಮಿದುಳು ನೋಡಿದ್ದು ಬಣ್ಣಬಣ್ಣದ ಸ್ಲೈಡಿನಲ್ಲಿ ಮಾತ್ರ. ಅದಕ್ಕೆ ವಾಸನೆಯೂ ಇಲ್ಲ, ಬೈಗುಳವೂ ಇಲ್ಲ.

ಕೊನೆಗಾಲಕ್ಕೆ ಸರ್‌ಗೆ ಪಾರ್ಕಿನ್ಸನ್ ಬಂತು. ಎರಡು ವರ್ಷದ ಹಿಂದೆ ಮನೆಗೆ ಹೋಗಿದ್ದೆ. ಕೈ ನಡುಗಿ ಚಾ ಚೆಲ್ಲಿತು. ನಾನು ಕಿಟಕಿ ಕಡೆ ತಿರುಗಿದೆ. ಅವರು ಬಿಡಲಿಲ್ಲ. "ಇಲ್ಲಿ ನೋಡು. ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕ ಮಾಡುವ ಕೋಶದಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟು ಕಟ್ಟುತ್ತದೆ. ಕೋಶಗಳು ಸಾಯುತ್ತಾ ಹೋಗುತ್ತವೆ. ಡೋಪಮೈನನ್ನೇ ನುಂಗಿದರೆ ಮಿದುಳಿಗೆ ದಾಟುವುದಿಲ್ಲ, ಅದಕ್ಕೇ ನನಗೆ ಲೆವೊಡೋಪ ಮಾತ್ರೆ, ಅದು ದಾಟಿ ಒಳಗೆ ಡೋಪಮೈನ್ ಆಗುತ್ತದೆ. ಅದೇ ಡೋಪಮೈನ್ ಮಿದುಳಿನ ಬುಡದ ಹೈಪೊಥಲಾಮಸ್‌ನಿಂದ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಇಳಿದರೆ ಎಂತ ಮಾಡುತ್ತದೆ?"

"ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ತಡೆಯುತ್ತದೆ ಸರ್. ಅಲ್ಲಿ ಅದು ಹಾರ್ಮೋನ್."

"ಪಾಸ್."

ಅಷ್ಟರಲ್ಲಿ ಅವರ ಮನೆಯವರು ಊಟಕ್ಕೆ ಕರೆದರು. ಬಂಗುಡೆ ಪುಳಿಮುಂಚಿ. ಸರ್ ಹೇಳಿದರು: "ಇವನಿಗೆ ತಲೆ ಮಾತ್ರ ಬಡಿಸು. ಬಾಕಿದ್ದನ್ನು 1997ರಲ್ಲೇ ತಿಂದಿದ್ದಾನೆ."